ಉರಿಯಿಲ್ಲದ ಒಲೆಗೊಂದು ಬೋಗುಣಿ

ಖಾನಾಪುರದ ಪಿಂಗಾಣಿ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಸತ್ಯವ್ವ ಒಂದು ಉಪ್ಪಿನಕಾಯಿ ಬರಣಿ ಒಡೆದಳು. ಕೈಜಾರಿ ಅಲ್ಲ, ಬೇಕಂತಲೇ. ಅಂಗಳದ ಕಲ್ಲಿಗೆ ಕುಕ್ಕಿ, ಒಂದು ಚೂರನ್ನು ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಅದರ ಒಡಕಿನ ಮೈಯನ್ನು ನಾಲಗೆಗೆ ಹಚ್ಚಿಕೊಂಡು ನಿಂತಿದ್ದಳು. ಮೇಸ್ತ್ರಿ ಭರಮಪ್ಪ ಓಡಿ ಬಂದ.

"ಏನವ್ವಾ, ತಲಿ ಕೆಟ್ಟೈತೇನ ನಿಂದು? ಮಾಲು ಹೊರಾಕ ಬಂದಿಯೋ, ಒಡಿಯಾಕ ಬಂದಿಯೋ?"

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ಇದಕ್ಕ ಮೊದಲ ಬಿರುಕು ಬಿದ್ದಿತ್ತು, ನೀವ ಬಾಜೂಕ ಇಟ್ಟಿದ್ರಿ. ಒಳಗ ಹೆಂಗಿರತೈತಿ ನೋಡೂಣು ಅಂತ ಒಡದೇನ್ರಿ. ನಮ್ಮೂರ ಗಡಗಿ ಚೂರು ನಾಲಿಗಿಗೆ ಗಪ್ಪನ ಅಂಟತೈತ್ರಿ. ಇದು ಅಂಟವಲ್ದು ನೋಡ್ರಿ!"

ಬೈಯಲು ಬಾಯಿ ತೆರೆದಿದ್ದ ಭರಮಪ್ಪ ಆ ಚೂರನ್ನು ಇಸಿದುಕೊಂಡು ತಾನೂ ನೋಡಿದ. ಅಂಟುವ ಚೂರು ನೀರು ಕುಡಿಯುತ್ತದೆ, ಅಂಟದ್ದು ಕುಡಿಯುವುದಿಲ್ಲ ಎಂಬ ಮಾತನ್ನು ಅವನ ಗುರು ಅವನಿಗೆ ಎರಡು ವರ್ಷ ಕಾಯಿಸಿ ಹೇಳಿಕೊಟ್ಟಿದ್ದರು. ಈಕೆ ಬಂದ ಎರಡು ತಾಸಿನಲ್ಲಿ ಅದನ್ನು ತಾನೇ ಕಂಡುಕೊಂಡಿದ್ದಳು. ಮೂರನೆಯ ತಿಂಗಳಿಗೆ ಸತ್ಯವ್ವ ಮಣ್ಣಿನ ಬುಟ್ಟಿ ಹೊರುವುದು ತಪ್ಪಿ, ಪಾತ್ರೆಗಳಿಗೆ ಮೆರುಗು ಹಚ್ಚುವ ಶೆಡ್ಡಿಗೆ ಬಂದಳು.

ಅದು ಎಪ್ಪತ್ತನಾಲ್ಕನೆಯ ಇಸವಿ. ಸತ್ಯವ್ವನಿಗೆ ಆಗ ಇಪ್ಪತ್ತೆರಡು. ಇಟಗಿ ಕಡೆಯ ಕುರುಬರ ಮನೆಯ ಮಗಳು, ಕುರಿಗಳ ಹಿಂದೆ ತಿರುಗಿ ಬೆಳೆದವಳು. ಶಾಲೆ ಮೂರನೆಯ ಇಯತ್ತೆಗೇ ನಿಂತಿತ್ತು. ಗಂಡ ಹಣಮಪ್ಪ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಪಗಾರಕ್ಕಿದ್ದ. ಮಾತು ಕಡಿಮೆ, ಕೇಳುವ ತಾಳ್ಮೆ ಹೆಚ್ಚು. ಅದು ಅವನಿಗೆ ಬೇಕಾಗಿಯೂ ಇತ್ತು. ಸತ್ಯವ್ವ ಸಂಜೆ ಮನೆಗೆ ಬಂದಳೆಂದರೆ ಸೆರಗಿನ ಬೆವರು ಆರುವ ಮೊದಲೇ ಆ ದಿನದ ಸುದ್ದಿ ಶುರು. "ಏನ್ರಿ, ಕೇಳ್ರಿ ಇಲ್ಲೆ. ಬೂದಿ ಕಲಸಿದ ನೀರಿನಂಗ ಇರತೈತಿ ಆ ಮೆರುಗು. ಅದ್ರಾಗ ಬರಣಿ ಅದ್ದಿ ಭಟ್ಟಿಗೆ ಹಾಕೀವಿ ಅಂದ್ರ ಬೆಲ್ಲದ ಪಾಕದಂಗ ಬಣ್ಣ ಬರತೈತ್ರೀ!" ಹಣಮಪ್ಪ ಚಹಾ ಊದುತ್ತ "ಹೌದಾ?" ಅನ್ನುತ್ತಿದ್ದ. ಆ ಒಂದು ಮಾತು ಸಾಕು, ಇನ್ನರ್ಧ ತಾಸು ಅವಳ ಮಾತು ನಡೆಯುತ್ತಿತ್ತು.

ಹನ್ನೆರಡು ವರ್ಷ ಕಳೆದವು. ಶೆಡ್ಡಿನಲ್ಲಿ ಯಾವ ಪಾತ್ರೆಗೆ ಎಷ್ಟು ದಪ್ಪ ಮೆರುಗು, ಭಟ್ಟಿಯ ಯಾವ ಮೂಲೆಯಲ್ಲಿ ಉರಿ ಮಂದ, ಎಲ್ಲವೂ ಸತ್ಯವ್ವನಿಗೆ ಬಾಯಿಪಾಠವಾದವು. ಹುರುಪು ಮಾತ್ರ ಒಂದಿಷ್ಟೂ ತಗ್ಗಲಿಲ್ಲ.

ಎಂಬತ್ತಾರರ ಫೆಬ್ರವರಿಯ ಒಂದು ಮಧ್ಯಾಹ್ನ ಕಾರ್ಖಾನೆಯ ಬಾಗಿಲಿಗೆ ಬೆಳಗಾವಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಇಳಕಲ್ ಸೀರೆ, ಕನ್ನಡಕ, ಹೆಗಲಿಗೆ ದೊಡ್ಡ ಚೀಲ. ಹೆಸರು ಕಾಂತಾ. ಹಿಂದವಾಡಿಯಲ್ಲಿ ಮನೆ; ಹುಡುಗಿಯರ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದರು. ಚೀಲದಿಂದ ಒಂದು ಸ್ಟೀಲ್ ವಾಟಗಾ, ಸಣ್ಣ ಬಟ್ಟಲು, ತೆಗೆದು ಭರಮಪ್ಪನ ಮುಂದೆ ಇಟ್ಟರು. ಅದರ ಕಂಠದ ಒಂದು ಕಡೆ ಕಪ್ಪಗೆ ಸುಟ್ಟಿತ್ತು.

"ನೋಡ್ರಿ ಮೇಸ್ತ್ರಿಯವರ, ಇದು ಬೆಂಕಿಗೆ ಸುಟ್ಟದ್ದಲ್ಲ. ನನ್ನ ತಮ್ಮ ಹಡಗಿನ ಮ್ಯಾಲ ಇಂಜಿನಿಯರ್ ಇದ್ದಾನ. ಸಿಂಗಾಪುರದಿಂದ ಮೈಕ್ರೋವೇವ್ ಅಂತ ಒಂದು ಒಲಿ ತಂದುಕೊಟ್ಟಾನ. ಉರಿ ಇಲ್ಲ, ಹೊಗಿ ಇಲ್ಲ, ಎರಡ ಮಿನಿಟಿನಾಗ ಹಾಲು ಕಾಯ್ತದ. ಆದ್ರ ಅದ್ರಾಗ ಸ್ಟೀಲ್ ಇಟ್ರ ಚಟಚಟ ಕಿಡಿ ಹಾರ್ತಾವ. ಒಲಿ ಜೋಡಿ ಬಂದಿದ್ದ ಗಾಜಿನ ಬೋಗುಣಿ ಒಂದ ಇತ್ತು. ಬಿಸಿ ಇದ್ದಾಗ ತಗದು ಹಸಿ ಕಲ್ಲಿನ ಕಟ್ಟಿ ಮ್ಯಾಲ ಇಟ್ಟೆ, ಟಪ್ ಅಂತ ಎರಡು ಹೋಳಾತು. ನನ್ನ ಕೈಯಾರೆ ಕಳಕೊಂಡೆ. ಈಗ ಒಲಿ ಐತಿ, ಪಾತ್ರಿ ಇಲ್ಲ. ಮುಂದಿನ ತಿಂಗಳು ನಮ್ಮ ಮಹಿಳಾ ಮಂಡಳದಾಗ ಈ ಒಲಿ ಮ್ಯಾಲ ಅಡಿಗಿ ಮಾಡಿ ತೋರಸ್ತೀನಿ ಅಂತ ಮಾತು ಕೊಟ್ಟೀನಿ."

"ಬಾಯಾರ, ನಾವು ಉಪ್ಪಿನಕಾಯಿಗೆ ಬರಣಿ, ಬೋಗುಣಿ ಮಾಡಾವ್ರು, ಆ್ಯಸಿಡ್ ಜಾಡಿ ಮಾಡಾವ್ರು," ಎಂದು ಭರಮಪ್ಪ ತಲೆ ಕೆರೆದುಕೊಂಡ. "ಆ ಒಲಿ ಹೆಂಗೈತೋ ನಾವು ಕಂಡವ್ರಲ್ಲ. ಪಾತ್ರಿ ಒಡದು ಯಾರಿಗರ ಬಡೀತಂದ್ರ?"

ಅಷ್ಟರಲ್ಲಿ ಮೆರುಗಿನ ಶೆಡ್ಡಿನಿಂದ ಸತ್ಯವ್ವ ಬಂದು ಬಾಗಿಲಲ್ಲಿ ನಿಂತಾಗಿತ್ತು. ಮೊಳಕೈವರೆಗೂ ಬಿಳಿ ಮೆರುಗು. ಕಣ್ಣು ಆ ಸುಟ್ಟ ವಾಟಗದ ಮೇಲೆ.

"ಉರಿ ಇಲ್ದ ಬಿಸಿ ಹೆಂಗ ಆಗತೈತ್ರಿ ಬಾಯಾರ?"

ಕಾಂತಾ ಅವಳತ್ತ ತಿರುಗಿದರು. ಮೂವತ್ತು ಹುಡುಗಿಯರ ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಈಕೆ ಕೇಳಿದ್ದಳು. "ಬಾ ಇಲ್ಲೆ, ಹೇಳ್ತೀನಿ. ರೇಡಿಯೋ ತರಂಗ ಗಾಳ್ಯಾಗ ಬರ್ತಾವಲ್ಲ, ಅಂಥ ಒಂದು ತರಂಗ ಆ ಪೆಟ್ಟಿಗ್ಯಾಗ ಹುಟ್ತದ. ಅದು ಅನ್ನದಾಗಿನ, ಹಾಲಿನಾಗಿನ ನೀರನ್ನ ಹಿಡಿದು ಅಲಗಾಡಸ್ತದ. ನೀರು ಅಲಗಾಡಿ ಅಲಗಾಡಿ ಬಿಸಿ ಆಗ್ತದ. ಗಾಜು, ಪಿಂಗಾಣಿ ಇದ್ರ ಅದ್ರಾಗ ಹಾಯ್ದು ಹೋಗ್ತದ. ಲೋಹ ಇದ್ರ ಬಡದು ಹಿಂದಕ್ಕ ತಿರಗ್ತದ, ಕಿಡಿ ಹಾರ್ತದ."

"ಹಂಗಾರ ಪಾತ್ರಿ ತಣ್ಣಗ ಇರತೈತಿ, ಒಳಗಿನ ಅಡಿಗಿ ಅಷ್ಟ ಬೇಯ್ತೈತಿ?"

"ಛಲೋ ಪಾತ್ರಿ ಇದ್ರ ಹಂಗ."

"ಅಣ್ಣಾರ!" ಸತ್ಯವ್ವ ಭರಮಪ್ಪನ ಕಡೆ ತಿರುಗಿದ ರೀತಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ. "ರವಿವಾರ ನನಗ ಸೂಟಿ ಐತಿ. ಮೂರು ನಮೂನಿ ಪಾತ್ರಿ ಒಯ್ದು ಆ ಒಲ್ಯಾಗ ಇಟ್ಟ ನೋಡಿ ಬರತೇನ್ರಿ. ಹೂಂ ಅನ್ರಿ ಒಮ್ಮಿ."

ಭರಮಪ್ಪ ಹೂಂ ಅಂದ. ಬೇರೆ ದಾರಿಯೂ ಇರಲಿಲ್ಲ.

ರವಿವಾರ ಮುಂಜಾನೆ ಎದ್ದವಳೇ ಸತ್ಯವ್ವ ಮೂರು ಪಾತ್ರೆಗಳನ್ನು ಹಿತ್ತಲಿನಲ್ಲಿ ತಿಕ್ಕಿ ತೊಳೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬುಟ್ಟಿಗೆ ಇಟ್ಟುಕೊಂಡು ಬೆಳಗಾವಿ ಬಸ್ಸು ಹತ್ತಿದಳು. ಗೋವಾವೇಸಿನಲ್ಲಿ ಇಳಿದು ಹಿಂದವಾಡಿಯ ಮನೆ ಹುಡುಕಿಕೊಂಡು ಹೋಗುವಾಗ ಅವಳ ನಡಿಗೆ ಓಟವೇ ಆಗಿತ್ತು.

ಕಾಂತಾ ಅವರ ಅಡಿಗೆಮನೆಯ ಬಾಗಿಲಲ್ಲಿ ಅವರ ಅತ್ತೆ ಬಸವಣ್ಣೆವ್ವ ಮಣೆ ಹಾಕಿಕೊಂಡು ಕುಳಿತಿದ್ದರು. ಆ ಪೆಟ್ಟಿಗೆ ಬಂದ ದಿನದಿಂದ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. "ನೀನೂ ನೋಡಾಕ ಬಂದೇನ ತಂಗೀ? ದೂರ ನಿಂದರು. ಅದು ಗುಂಯ್ ಅಂತೈತಿ," ಎಂದು ಎಚ್ಚರಿಸಿದರು.

ಕಟ್ಟೆಯ ಮೇಲೆ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲು, ಗಾಜಿನ ಒಳಗೆ ಸಣ್ಣ ತೂತಿನ ಜಾಳಿಗೆ. ಬಾಗಿಲು ಸರಿಯಾಗಿ ಕೂರದೆ ಅದು ನಡೆಯುವುದಿಲ್ಲ, ನಡೆಸಲೂಬಾರದು ಎಂದು ಕಾಂತಾ ಹೇಳಿದರು. ಆಮೇಲೆ ಇಂಗ್ಲಿಷ್ ಪುಸ್ತಿಕೆ ತೆಗೆದು ಒಂದು ಪರೀಕ್ಷೆಯನ್ನು ಓದಿ ತಿಳಿಸಿದರು. ನೋಡಬೇಕಾದ ಪಾತ್ರೆಯನ್ನು ಬರಿದಾಗಿ ಇಡಬೇಕು. ಅದರ ಮಗ್ಗುಲಿಗೆ ಒಂದು ಗಾಜಿನ ಲೋಟದಲ್ಲಿ ನೀರು ಇಡಬೇಕು. ಒಂದು ನಿಮಿಷ ಒಲೆ ನಡೆಸಬೇಕು. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಆ ಪಾತ್ರೆ ಆಗಿಬರುತ್ತದೆ. ಪಾತ್ರೆಯೇ ಬಿಸಿಯಾದರೆ ಬೇಡ.

"ನೀರು ಯಾಕ್ರಿ?"

"ಒಳಗ ಏನೂ ಇಲ್ದ ನಡಸಬಾರ್ದು ಸತ್ಯವ್ವಾ. ತರಂಗ ಹೀರಾಕ ಏನರ ಬೇಕಲ್ಲ? ಇಲ್ದಿದ್ರ ಒಲಿನ ಕೆಡ್ತದ."

ಮೊದಲು ಬಿಳಿಯ ಪಿಂಗಾಣಿ ತಾಟು. ಅಂಚಿಗೆ ಚಿನ್ನದ ಬಣ್ಣದ ತೆಳು ಗೆರೆ, ಬುಟ್ಟಿಯಲ್ಲಿದ್ದುದರಲ್ಲೇ ಚೆಂದದ್ದು. ಕಾಂತಾ ಗುಂಡಿ ತಿರುವಿ ಎರಡು ಸೆಕೆಂಡೂ ಆಗಿರಲಿಲ್ಲ, ಆ ಗೆರೆಯ ಉದ್ದಕ್ಕೂ ನೀಲಿ ಕಿಡಿಗಳು ಪಟಪಟನೆ ಓಡಿದವು. ಬಸವಣ್ಣೆವ್ವ "ಬಸವಾ!" ಎಂದು ಕೂಗಿದರು. ಕಾಂತಾ ಗುಂಡಿ ಆರಿಸಿ ವೈರನ್ನೇ ಕಿತ್ತರು. ಸತ್ಯವ್ವ ಮಾತ್ರ ಗಾಜಿನ ಬಾಗಿಲಿಗೆ ಮೂಗು ಹಚ್ಚುವಷ್ಟು ಬಗ್ಗಿದ್ದಳು.

"ಅಬಬಬಾ! ಇನ್ನೊಮ್ಮಿ ತೋರಸ್ರಿ ಬಾಯಾರ!"

"ಏ ಹುಚ್ಚಿ, ಮಷಿನ್ ಸುಟ್ಟು ಹೋಗ್ತದ!"

"ಗೆರಿ ಖರೇನ ಬಂಗಾರದ ಪುಡೀದ ರೀ. ಕೂದಲೆಳಿಯಷ್ಟು ಇದ್ರೂ ಲೋಹ ಲೋಹನ ನೋಡ್ರಿ!" ಎಂದಳು ಸತ್ಯವ್ವ. ತಾಟು ಬಾಜೂಕ್ಕೆ ಹೋಯಿತು.

ಎರಡನೆಯದು ಸಂತೆಯಲ್ಲಿ ಕೊಂಡ ಕೆಂಪುಮಣ್ಣಿನ ಬೋಗುಣಿ, ಮೆರುಗಿಲ್ಲದ್ದು. ನಿಮಿಷ ಮುಗಿದಾಗ ಲೋಟದ ನೀರು ಉಗುರುಬೆಚ್ಚಗೆ, ಬೋಗುಣಿ ಮುಟ್ಟಲಾಗದಷ್ಟು ಕಾವು. ಕೆಳಗಿಳಿಸುವಾಗ ಟಿಕ್ ಎಂದು ಮಗ್ಗುಲಲ್ಲಿ ಬಿರುಕು ಬಿತ್ತು. ಸತ್ಯವ್ವ ನಕ್ಕಳು. "ಇದು ನೀರು ಕುಡದಿತ್ರಿ. ಮುಂಜಾನೆ ನಾನ ತೊಳದೇನಿ. ಮೈಯಾಗಿನ ನೀರು ಅಲಗಾಡಿತು, ಮೈ ಕಾದಿತು."

ಮೂರನೆಯದು ಅವಳ ಸ್ವಂತ ಕೈಯ ಮೆರುಗಿನ ಕಂದು ಬೋಗುಣಿ. ಅವಳು ಪೂರಾ ನಂಬಿದ್ದು ಅದನ್ನೇ. ನಿಮಿಷ ಮುಗಿಯುವ ತನಕ ಗಾಜಿನ ಬಾಗಿಲಿಗೆ ಕಣ್ಣು ನೆಟ್ಟು, ಗಂಟೆ ಬಾರಿಸಿದ ಕೂಡಲೇ ಕೈ ಹಾಕಿದಳು. ಕಂಠ ತಣ್ಣಗಿತ್ತು. ತಳ ಸುಡುತ್ತಿತ್ತು.

ಆ ಕ್ಷಣ ಅವಳ ಮೋರೆ ನೋಡಿ ಕಾಂತಾ ಅವರಿಗೇ ಕೆಡುಕೆನಿಸಿತು. ಚಹಾ ಕೊಟ್ಟರು, ಉಂಡು ಹೋಗು ಎಂದರು. ಸತ್ಯವ್ವ ಊಟಕ್ಕೆ ಕುಳಿತಳಾದರೂ ಬೋಗುಣಿಯನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು ಅದರ ತಳವನ್ನೇ ನೋಡುತ್ತಿದ್ದಳು. ಭಟ್ಟಿಯ ಹಲಗೆಗೆ ಅಂಟಬಾರದೆಂದು ತಳಕ್ಕೆ ಮೆರುಗು ಹಚ್ಚುವುದಿಲ್ಲ. ಅಲ್ಲಿ ಮಣ್ಣು ಬೆತ್ತಲೆ. ರೊಟ್ಟಿ ಮುರಿದ ಕೈ ಅಲ್ಲೇ ನಿಂತಿತು.

"ಬಾಯಾರ! ತಳದಾಗಿಂದ ನೀರು ಕುಡದೈತ್ರಿ ಇದು! ಮೆರುಗಿಂದ ತಪ್ಪಲ್ಲ, ಒಳಗಿನ ಮಣ್ಣು ಪೂರಾ ಬೆಂದಿಲ್ಲ!"

ಎಂಜಲು ಕೈಯಲ್ಲೇ ಎದ್ದು ನಿಂತಿದ್ದಳು. ಬಸವಣ್ಣೆವ್ವ ನಗುತ್ತ, "ಮೊದಲ ರೊಟ್ಟಿ ತಿನ್ನ ತಂಗೀ, ಮಣ್ಣು ಎಲ್ಲೂ ಓಡಂಗಿಲ್ಲ," ಎಂದರು.

ಮಾರನೆಯ ದಿನದಿಂದ ಕಾರ್ಖಾನೆಯಲ್ಲಿ ಸತ್ಯವ್ವನದೇ ಗದ್ದಲ. ಭಟ್ಟಿಯ ಬೇರೆಬೇರೆ ಮೂಲೆಗಳಲ್ಲಿ ಬೆಂದ ಹತ್ತು ಬೋಗುಣಿಗಳನ್ನು ಆರಿಸಿದಳು. ಎರಡು ದಿನ ಬೆಚ್ಚನೆಯ ಭಟ್ಟಿಯ ನೆತ್ತಿಯ ಮೇಲೆ ಒಣಗಿಸಿ, ಬಣ್ಣ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿದಳು. ಆಮೇಲೆ ಎರಡು ತಾಸು ನೀರಲ್ಲಿ ಕುದಿಸಿ, ಒರೆಸಿ, ಮತ್ತೆ ತೂಗಿದಳು. ಎಷ್ಟು ತೂಕ ಹೆಚ್ಚಿತೋ ಅಷ್ಟು ನೀರು ಕುಡಿದಿದೆ ಎಂದರ್ಥ. ಹತ್ತರಲ್ಲಿ ಏಳು ಕುಡಿದಿದ್ದವು. ಉರಿಬಾಯಿಯ ಎದುರಿಗೆ ಇದ್ದ ಮೂರರ ತೂಕ ಕೂದಲಷ್ಟೂ ಹೆಚ್ಚಿರಲಿಲ್ಲ.

"ಅಣ್ಣಾರ, ಬೆಂಕಿ! ಬೆಂಕಿ ಸಾಲವಲ್ದು!" ಎಂದು ಕೂಗುತ್ತ ಅಂಗಳ ದಾಟಿ ಓಡಿದಳು. ಬೆಂಕಿ ಎಂಬ ಮಾತು ಕೇಳಿ ಇಬ್ಬರು ಬಕೆಟ್ ಹಿಡಿದು ಹೊರಗೆ ಬಂದರು.

ಭರಮಪ್ಪ ತಿಗರಿಯ ಮೇಲೆ ತಾನೇ ಕುಳಿತ. ಮೂಲೆ ಇಲ್ಲದ ದುಂಡು ಬೋಗುಣಿ ಇರಲಿ, ಮೂಲೆ ಇದ್ದರೆ ಅಲ್ಲಿಯ ಅಡಿಗೆ ಬೇಗ ಸೀಯುತ್ತದೆ ಎಂದು ಕಾಂತಾ ಬಾಯಿ ಹೇಳಿ ಕಳಿಸಿದ್ದರು. ಮುಚ್ಚಳಕ್ಕೆ ಒಂದು ತೂತು ಬೇಕು ಎಂದು ಸತ್ಯವ್ವ ಹಟ ಹಿಡಿದಳು. ಉಗಿಗೆ ದಾರಿ ಇಲ್ಲದಿದ್ದರೆ ಮುಚ್ಚಳ ಸಿಡಿಯುತ್ತದೆ. ಇಬ್ಬರಿಗೂ ಜಗಳವಾದದ್ದು ಮೆರುಗಿನ ವಿಷಯಕ್ಕೆ.

"ಅಷ್ಟು ಉರಿ ಯಾಕ ಕೊಡಬೇಕು?" ಎಂದ ಭರಮಪ್ಪ. "ಹಳದಿ ಮೆರುಗು ಹಚ್ಚು. ಕಡಿಮಿ ಉರಿಗೆ ಕರಗತೈತಿ, ಕನ್ನಡಿಯಂಗ ಹೊಳೀತೈತಿ. ಹೂದಾನಿಗೆ ಹಚ್ಚೂದಿಲ್ಲೇನ?"

"ಕಡಿಮಿ ಉರಿಗೆ ಒಳಗಿನ ಮಣ್ಣು ಬೇಯಂಗಿಲ್ರಿ ಅಣ್ಣಾರ. ಮತ್ತ ಹೂದಾನ್ಯಾಗ ಯಾರೂ ಉಣ್ಣೂದಿಲ್ಲ. ಅದ್ರಾಗ ಸೀಸ ಐತಿ. ಹುಣಸಿಹುಳಿ, ಟೊಮ್ಯಾಟೊ ಬಿಸಿ ಮಾಡಿದ್ರ ಸೀಸ ಸಾರಿನಾಗ ಇಳೀತೈತಿ. ಹಳದಿ ಮೆರುಗು ಮುಟ್ಟಿದ ಕೈಲೆ ಉಣ್ಣಬ್ಯಾಡ್ರಿ ಅಂತ ನೀವ ನಮಗ ಕಲಿಸೀರಿ. ಅದನ್ನ ಮಂದಿ ತಾಟಿಗೆ ನಾ ಹಚ್ಚಂಗಿಲ್ಲ."

ಅವನಿಗೆ ಮುಜುಗರವಾಯಿತು. ಹೌದು, ಅವನೇ ಕಲಿಸಿದ್ದ. "ಆತು, ಕಂದು ಮೆರುಗ ಹಚ್ಚು. ಉರಿ ನಾ ಕೊಡತೇನಿ," ಎಂದ.

ಎರಡು ದಿನ ಭಟ್ಟಿ ಉರಿಯಿತು, ಮೂರು ದಿನ ಆರಿತು. ಬಾಗಿಲಿನ ಇಟ್ಟಿಗೆ ಬಿಚ್ಚುವ ದಿನ ಸತ್ಯವ್ವ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಒಳಗಿನ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಇಪ್ಪತ್ತನಾಲ್ಕು ಬೋಗುಣಿಗಳಲ್ಲಿ ಒಂಬತ್ತು ಅಷ್ಟು ಉರಿ ತಾಳದೆ ಸೊಟ್ಟಗಾಗಿದ್ದವು. ಎರಡರ ಮುಚ್ಚಳ ಮೈಗೇ ಅಂಟಿಕೊಂಡಿತ್ತು. ಉಳಿದ ಹದಿಮೂರು ದುಂಡಗೆ, ಬೆಲ್ಲದ ಬಣ್ಣದಲ್ಲಿ, ಬೆರಳಿನಿಂದ ಬಡಿದರೆ ಗಂಟೆಯಂತೆ ಠಣ್ ಎನ್ನುತ್ತಿದ್ದವು. ಸತ್ಯವ್ವ ಹದಿಮೂರನ್ನೂ ಒಂದೊಂದಾಗಿ ಬಡಿದಳು, ಒಣಗಿಸಿ ತೂಗಿದಳು, ಕುದಿಸಿ ತೂಗಿದಳು. ತೂಕ ಅಲುಗಲಿಲ್ಲ.

ಆ ರವಿವಾರ ಹಿಂದವಾಡಿಯ ಅಡಿಗೆಮನೆಯಲ್ಲಿ ನಿಮಿಷ ಮುಗಿದು ಗಂಟೆ ಬಾರಿಸಿದಾಗ ಲೋಟದಲ್ಲಿಯ ನೀರಿನಿಂದ ಹಬೆ ಏಳುತ್ತಿತ್ತು. ಸತ್ಯವ್ವ ಎರಡೂ ಕೈಯಿಂದ ಬೋಗುಣಿಯ ತಳ ಹಿಡಿದಳು. ತಣ್ಣಗೆ. ಹಿತ್ತಲಿನ ಬಾವಿಕಲ್ಲಿನಷ್ಟು ತಣ್ಣಗೆ.

"ಮುಟ್ಟಿ ನೋಡ್ರಿ ಯವ್ವಾ!" ಎಂದು ಬಸವಣ್ಣೆವ್ವನ ಮುಂದೆ ಹಿಡಿದಳು. ಮುದುಕಿ ಅಂಜುತ್ತ ಒಂದು ಬೆರಳು ತಾಗಿಸಿ, ಆಮೇಲೆ ಅಂಗೈ ಇಟ್ಟು, ಎದ್ದು ಹೊಸ್ತಿಲು ದಾಟಿ ಒಳಗೇ ಬಂದುಬಿಟ್ಟರು. "ಕಾಂತಾ, ಒಂದೀಟ ಹಾಲು ಕಾಸ ನೋಡೂಣು!"

ಮಾರ್ಚ್ ತಿಂಗಳ ಒಂದು ಶನಿವಾರ ಮಹಿಳಾ ಮಂಡಳದ ಸಭಾಗೃಹದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಹಾಪುರದಿಂದ, ಟಿಳಕವಾಡಿಯಿಂದ, ಎಲ್ಲೆಲ್ಲಿಂದಲೋ ಹೆಂಗಸರು ಬಂದಿದ್ದರು. ವೇದಿಕೆಯ ಮೇಲೆ ಆ ಪೆಟ್ಟಿಗೆ, ಮಗ್ಗುಲಲ್ಲಿ ಕಂದು ಬೋಗುಣಿಗಳು. ಕಾಂತಾ ಹಲ್ವಾಕ್ಕೆಂದು ಗಜ್ಜರಿ ಹೆರೆದು, ಹಾಲು, ಸಕ್ಕರೆ, ಏಲಕ್ಕಿ ಹಾಕಿ, ತೂತಿನ ಮುಚ್ಚಳ ಮುಚ್ಚಿ ಒಲೆಯಲ್ಲಿಟ್ಟರು. ಸತ್ಯವ್ವ ವೇದಿಕೆಯ ಮೂಲೆಯಲ್ಲಿ ಸೆರಗು ಸುತ್ತಿಕೊಂಡು ನಿಂತಿದ್ದಳು. ಪಾತ್ರೆ ಎತ್ತಿಕೊಡುವುದಷ್ಟೇ ಅವಳ ಕೆಲಸ ಎಂದು ಮಾತಾಗಿತ್ತು.

ಐದು ನಿಮಿಷಕ್ಕೆ ಕರೆಂಟ್ ಹೋಯಿತು.

ಸಭೆಯಲ್ಲಿ ನಗು, ಗುಜುಗುಜು. ಸುಮ್ಮನೆ ಕೂರಲಾರದೆ ಹೆಂಗಸರು ಪ್ರಶ್ನೆ ಶುರುಮಾಡಿದರು. ಪ್ಲಾಸ್ಟಿಕ್ ಡಬ್ಬಿ ಇಡಬಹುದೇ? ಕಾಂತಾ ಪುಸ್ತಿಕೆ ತಿರುವುತ್ತಿರುವಾಗಲೇ ಮೂಲೆಯಿಂದ ಸತ್ಯವ್ವನ ದನಿ ಬಂತು.

"ಸಾಲಿ ಹುಡುಗ್ರ ಬುತ್ತಿ ಡಬ್ಬಿ ತೆಳ್ಳಗಿರತೈತ್ರಿ ಅಕ್ಕಾರ. ಬಾಯಾರ ಮನ್ಯಾಗ ಇಟ್ಟು ನೋಡೀವಿ, ಸೊಟ್ಟಗಾಗಿ ಕರಗಿ ಅನ್ನಕ್ಕ ಹತ್ತಿತ್ತು. ಬ್ಯಾಡ್ರಿ."

"ರದ್ದಿ ಪೇಪರಿನಾಗ ಸುತ್ತಿ ಬಿಸಿ ಮಾಡಿದ್ರ?"

"ಶಾಯಿ ಇರತೈತಿ, ಬೆಂಕಿ ಹತ್ತತೈತ್ರಿ."

"ತತ್ತಿ?"

"ಸಿಪ್ಪಿ ಸಮೇತ ಇಟ್ರ ಗುಂಡು ಹಾರಿದಂಗ ಹಾರತೈತ್ರಿ! ನಾವು ಇಟ್ಟಿಲ್ಲ ಮತ್ತ, ಪುಸ್ತಕದಾಗ ಬರದಾರ. ಬಟಾಟಿಗೂ ಮೊದಲ ಚುಚ್ಚಬೇಕಂತ, ಉಗಿ ಹೊರಗ ಬರಾಕ. ಮುಚ್ಚಳ ತಗಿಯೂಮುಂದ ಮಾರಿ ಹಿಂದಕ್ಕ ಇಟ್ಕೋಬೇಕ್ರಿ, ನನ್ನ ಕೈ ನೋಡ್ರಿ ಇಲ್ಲೆ, ಬೊಬ್ಬಿ ಬಂದೈತಿ!"

ಸಭೆ ನಕ್ಕಿತು. ಸತ್ಯವ್ವ ತನಗೆ ಅರಿವಿಲ್ಲದೆಯೇ ವೇದಿಕೆಯ ನಡುವೆ ಬಂದಿದ್ದಳು. ಕಾಂತಾ ಪುಸ್ತಿಕೆ ಮುಚ್ಚಿ ನಗುತ್ತ ಹಿಂದೆ ಸರಿದು ನಿಂತರು.

ಅಷ್ಟರಲ್ಲಿ ಮಂಡಳದ ಅಧ್ಯಕ್ಷೆ ಗಂಗಾದೇವಿಯವರು ಮುಂದಿನ ಸಾಲಿನಿಂದ ಎದ್ದರು. ಊರಲ್ಲಿ ದೊಡ್ಡ ಮನೆತನದವರು, ಅವರ ಮಾತಿಗೆ ಎದುರಾಡಿದವರಿಲ್ಲ. ಕೈಯಲ್ಲಿ ಬೆಳ್ಳಿಯ ಬಟ್ಟಲು. ವೇದಿಕೆ ಹತ್ತಿ ಅದಕ್ಕೆ ಹಾಲು ಸುರಿದುಕೊಂಡರು. "ಕಾಂತಾ, ಇದು ಶುದ್ಧ ಬೆಳ್ಳಿ, ಸ್ಟೀಲ್ ಅಲ್ಲ. ಮೊದಲಿನ ಹಾಲು ಇದ್ರಾಗ ಕಾಯ್ಲಿ, ಶುಭ ಇರ್ತದ," ಎನ್ನುವುದಕ್ಕೂ ಕರೆಂಟ್ ಬರುವುದಕ್ಕೂ ಸರಿಹೋಯಿತು. ಪಂಖಗಳು ತಿರುಗಿದವು, ಪೆಟ್ಟಿಗೆಯ ದೀಪ ಹತ್ತಿತು. ಗಂಗಾದೇವಿ ಒಲೆಯ ಬಾಗಿಲು ತೆರೆದರು. ಕಾಂತಾ "ಅದು... ಅಕ್ಕಾರ..." ಎಂದು ತಡವರಿಸಿದರು.

ಸತ್ಯವ್ವ ಎರಡು ಹೆಜ್ಜೆಗೆ ದಾಟಿ ಬಟ್ಟಲನ್ನು ಅವರ ಕೈಯಿಂದಲೇ ತೆಗೆದುಕೊಂಡಳು.

ಹಾಲು ಚೆಲ್ಲದಂತೆ ಅದನ್ನು ಪೆಟ್ಟಿಗೆಯಿಂದ ದೂರ ಇಟ್ಟಳು.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಬೆಳ್ಳಿ ದೊಡ್ಡದು, ಖರೇ. ಆದ್ರ ಈ ಪೆಟ್ಟಿಗಿಗೆ ಅದು ತಿಳಿಯಂಗಿಲ್ರಿ. ಬೆಳ್ಳಿ ಆಗ್ಲಿ, ಬಂಗಾರ ಆಗ್ಲಿ, ತಾಮ್ರ ಆಗ್ಲಿ, ಒಳಗ ಹೋದ್ರ ಕಿಡಿನ. ನಿಮ್ಮ ಬಟ್ಟಲಕ್ಕ ಕಪ್ಪು ಕಲೆ ಬಿದ್ದು, ಬಾಯಾರ ಒಲಿ ಸುಟ್ಟು, ನಿಮ್ಮ ಕೈಗೆ ಏನರ ಆದ್ರ ನನ್ನ ಜೀವಕ್ಕ ಸಮಾಧಾನ ಇರಂಗಿಲ್ಲ. ಹಾಲು ನಮ್ಮ ಮಣ್ಣಿನ ಬೋಗುಣ್ಯಾಗ ಕಾಯ್ಲಿ. ಕಾದ ಮ್ಯಾಲ ನಿಮ್ಮ ಬೆಳ್ಳಿ ಬಟ್ಟಲದಾಗ ಸುರದು ಎಲ್ಲಾರಿಗಿಂತ ಮೊದಲ ನೀವ ಕುಡೀರಿ."

ಗಂಗಾದೇವಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಯಾರ ಮಗಳವ್ವಾ ನೀನು?"

"ಇಟಗಿ ಕಡೆ ಕುರುಬರಾಕಿ ರೀ. ಖಾನಾಪುರದಾಗ ಮೆರುಗು ಹಚ್ತೇನಿ."

"ನಮ್ಮ ಮನ್ಯಾಗ ನನಗ ಹಿಂಗ ಹೇಳಾವ್ರ ಒಬ್ಬರೂ ಇಲ್ಲ ನೋಡು," ಎಂದರು ಗಂಗಾದೇವಿ. ಅವರ ತುಟಿಯ ತುದಿಯಲ್ಲಿ ನಗು ಕಂಡಿತು. "ಆತು, ನಿನ್ನ ಬೋಗುಣ್ಯಾಗ ಕಾಸು."

ಹಾಲು ಕಾದು ಬೆಳ್ಳಿ ಬಟ್ಟಲಿಗೆ ಹೋಯಿತು, ಗಜ್ಜರಿ ಮತ್ತೆ ಒಲೆಗೆ ಹೋಯಿತು. ಗಜ್ಜರಿ ಹಲ್ವಾದ ಮುಚ್ಚಳ ತೆಗೆದಾಗ ಏಲಕ್ಕಿಯ ವಾಸನೆ ಹಿಂದಿನ ಸಾಲಿನವರೆಗೂ ಹೋಯಿತು. ಹೆಂಗಸರು ಕುರ್ಚಿ ಸರಿಸಿ ವೇದಿಕೆಗೇ ನುಗ್ಗಿದರು. ಎಲ್ಲರಿಗೂ ಹಲ್ವಾ ತಿನ್ನುವುದಕ್ಕಿಂತ ಬೋಗುಣಿ ಮುಟ್ಟಿ ನೋಡುವ ಆತುರ. ಹಲ್ವಾ ತಾಗಿದ ಕಡೆ ಬೆಚ್ಚಗೆ, ಕಂಠ ತಣ್ಣಗೆ. "ಅಯ್ಯ, ಖರೇನ!" "ಮುಚ್ಚಳ ನೋಡ್ರಿ!" "ಖಾನಾಪುರದ್ದಂತ!" ಸತ್ಯವ್ವನಿಗೆ ಯಾರ ಮಾತಿಗೆ ಉತ್ತರ ಕೊಡಬೇಕೋ ತಿಳಿಯದೆ, ಎಲ್ಲರಿಗೂ ಒಟ್ಟಿಗೆ ಹೌದ್ರಿ ಹೌದ್ರಿ ಎನ್ನುತ್ತಿದ್ದಳು.

ಆ ಗುಂಪಿನಲ್ಲಿ ಬಿಳಿ ಸೀರೆಯ ಒಬ್ಬರು ಕೊನೆಯವರೆಗೂ ಕಾದು ನಿಂತರು. ಹೆಸರು ಶಿವಲಿಂಗವ್ವ, ನೆಹರು ನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಊಟದ ಉಸ್ತುವಾರಿ ಅವರದು. "ನಮ್ಮಲ್ಲೂ ಈ ಒಲಿ ಒಂದು ಬಂದದ ಸತ್ಯವ್ವಾ. ಯಾವ ಪಾತ್ರಿ ಇಡಬೇಕು, ಯಾವುದು ಬ್ಯಾಡ ತಿಳೀದ, ಅಂಜಿ ಕಪಾಟಿನಾಗ ಬೀಗ ಹಾಕಿ ಇಟ್ಟೀವಿ. ನೀ ಬಂದು ನಮ್ಮ ಹುಡುಗ್ಯಾರಿಗೆ ಹೇಳಿಕೊಡ್ತೀಯೇನು?"

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳನ್ನು ದವಾಖಾನೆಯವರು ಕಲಿಸಲು ಕರೆಯುತ್ತಿದ್ದರು! "ಬರತೇನ್ರಿ! ನಾಳೆನ ಬರ್ಲೇನ್ರಿ?" ಎಂದಳು.

ಮುಂದಿನ ಎರಡು ವರ್ಷ ಸತ್ಯವ್ವ ತಿಂಗಳಿಗೊಮ್ಮೆ ಆ ಅಡಿಗೆಮನೆಗೆ ಹೋದಳು. ಅಲ್ಲಿಯ ಕಪಾಟಿನ ಒಂದೊಂದು ಪಾತ್ರೆಯನ್ನೂ ನೀರಿನ ಲೋಟದ ಜೊತೆ ಇಟ್ಟು ಪರೀಕ್ಷಿಸಿ, ಆಗಿಬರುವವಕ್ಕೆ ತಳದಲ್ಲಿ ಹಸಿರು ಚುಕ್ಕೆ ಇಟ್ಟಳು. ಕಾರ್ಖಾನೆಯಲ್ಲಿ ಬೋಗುಣಿ ತಪಾಸಣೆಯ ಕೆಲಸ ಅವಳ ಪಾಲಿಗೆ ಬಂತು. ಭಟ್ಟಿಯಿಂದ ಬಂದದ್ದನ್ನು ಬಡಿದು, ತೂಗಿ, ನೀರು ಕುಡಿದದ್ದನ್ನು ಅಲ್ಲಿಯೇ ಒಡೆದು ಹಾಕುತ್ತಿದ್ದಳು. ಒಮ್ಮೆ ಭರಮಪ್ಪನೇ ಸ್ವತಃ ತಿರುಗಿಸಿದ ಆರು ಬೋಗುಣಿಗಳನ್ನು ಅವನ ಕಣ್ಣೆದುರಿಗೇ ಒಡೆದಳು. ಅವನು ಎರಡು ದಿನ ಮಾತು ಬಿಟ್ಟ, ಮೂರನೆಯ ದಿನ ಬಂದು ಮಣ್ಣಿನ ಹದ ಬದಲಿಸೋಣವೇ ಎಂದು ಕೇಳಿದ.

ಇಷ್ಟೆಲ್ಲದರ ನಡುವೆ ಹಣಮಪ್ಪ ಆ ಒಲೆಯನ್ನು ಕಣ್ಣಾರೆ ನೋಡಿರಲೇ ಇಲ್ಲ. ಎಂಬತ್ತೆಂಟರ ಶ್ರಾವಣದಲ್ಲಿ ಅವನ ಕಾರ್ಖಾನೆಗೆ ಎರಡು ದಿನ ಸೂಟಿ ಬಂತು. ಸತ್ಯವ್ವ ಅವನನ್ನು ಆಸ್ಪತ್ರೆಯ ಅಡಿಗೆಮನೆಗೆ ಎಳೆದುಕೊಂಡೇ ಹೋದಳು. ಶಿವಲಿಂಗವ್ವನವರು ಕುಂದರ್ರಿ ಎಂದು ಸ್ಟೂಲು ಕೊಟ್ಟರು. ಮನೆಯಿಂದ ತಂದ ಬುತ್ತಿಯ ಜೋಳದ ರೊಟ್ಟಿ ಎರಡನ್ನು ಸತ್ಯವ್ವ ಕಂದು ಬೋಗುಣಿಯಲ್ಲಿಟ್ಟು, ಬಾಗಿಲು ಹಾಕಿ, ಗುಂಡಿ ತಿರುವಿದಳು. ಒಳಗೆ ದೀಪ ಹತ್ತಿ, ಬೋಗುಣಿ ಕುಳಿತ ಗಾಜಿನ ತಟ್ಟೆ ಮೆಲ್ಲಗೆ ತಿರುಗತೊಡಗಿತು. ಹಣಮಪ್ಪ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನೋಡಿದ. ಹದಿನಾಲ್ಕು ವರ್ಷ ಅವಳ ಸುದ್ದಿ ಕೇಳಿದವನ ಬಾಯಿಂದ ಮೊದಲ ಬಾರಿಗೆ ಹೆಂಡತಿಗಿಂತ ದೊಡ್ಡ ದನಿ ಹೊರಟಿತು.

"ಏ ಸತ್ಯವ್ವಾ! ತಿರಗಾಕ ಹತ್ತೈತಲ್ಲಲೇ! ಉರಿ ಎಲ್ಲೂ ಇಲ್ಲ!"

ಗಂಟೆ ಬಾರಿಸಿತು. ಹಬೆಯಾಡುವ ರೊಟ್ಟಿಯನ್ನು ಮುರಿಯಲು ನೋಡಿದ. ಅದು ಮುರಿಯಲಿಲ್ಲ, ಬಗ್ಗಿತು. ಹಲ್ಲಿನಿಂದ ಎಳೆದ. ಚಪ್ಪಲಿಯ ಬಾರಿನಂತೆ ಎಳೆದಷ್ಟೂ ಉದ್ದಕ್ಕೆ ಬಂತು. ಎಳೆದೆಳೆದು ಅಗಿಯುತ್ತ, ಶಿವಲಿಂಗವ್ವನವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದ:

"ಬೋಗುಣಿ ಛಲೋ ಐತಿ. ರೊಟ್ಟಿ ಮಾತ್ರ ಮನ್ಯಾಗ ಹಂಚಿನ ಮ್ಯಾಲ ಕಾಸಿಕೊಡು."

ಸತ್ಯವ್ವ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಬುತ್ತಿಯಲ್ಲಿ ಉಳಿದಿದ್ದ ಇನ್ನೊಂದು ರೊಟ್ಟಿಯ ಮೇಲೆ ನೀರು ಚಿಮುಕಿಸಿ, ಈ ಸಲ ನಿಮಿಷದ ಬದಲು ಹದಿನೈದು ಸೆಕೆಂಡಿಗೆ ಇಟ್ಟರೆ ಏನಾಗುತ್ತದೋ ನೋಡೋಣವೆಂದು ಒಲೆಯ ಬಾಗಿಲು ತೆರೆದಳು.